ಮರಿ ಕೇಳಿದ್ದೆವು, ಇಲ್ಲ ಅಂದರು

ನಮಗೆ ಬೇಕಿದ್ದದ್ದು ನಾಯಿಮರಿ. ಬಿಳಿ ಮೂತಿ, ಎರಡು ತಿಂಗಳು, ಒಂದೇ ಅಂಗೈಯಲ್ಲಿ ಕೂರುವಷ್ಟು. ಫೋಟೊ ನೋಡಿ ಅಪ್ಪ ಹೆಸರನ್ನೂ ಯೋಚಿಸಿಟ್ಟಿದ್ದರು. ಫೋನ್ ಮಾಡಿ, ಟೈಮ್ ತಗೊಂಡು ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಶೆಲ್ಟರ್‌ಗೆ ಹೋದರೆ ಅಲ್ಲಿದ್ದ ಮೇಡಮ್ ಮರಿ ತೋರಿಸಲೇ ಇಲ್ಲ. ಮುಕ್ಕಾಲು ಗಂಟೆ ಬರೀ ಪ್ರಶ್ನೆ. ಹಗಲು ಮನೆಯಲ್ಲಿ ಯಾರಿರುತ್ತಾರೆ, ಗೇಟಿನ ಕೆಳಗೆ ಎಷ್ಟು ಸಂದಿ ಇದೆ, ಊರಿಗೆ ಹೋದರೆ ನಾಯಿ ಎಲ್ಲಿ, ಈ ಮೊದಲು ಸಾಕಿದ ನಾಯಿ ಏನಾಯಿತು.

"ಸಾಲ ಕೇಳೋಕೆ ಬಂದಿದ್ದೀವಾ ನಾವು?" ಅಂತ ಅಪ್ಪ ನನ್ನ ಕಿವಿಯಲ್ಲಿ ಗೊಣಗಿದರು.

ಕೊನೆಗೆ ಮೇಡಮ್ ಅಪ್ಪನ ಕೋಲು ನೋಡಿದರು. ಮಂಡಿ ಆಪರೇಷನ್ ಆಗಿ ಆಗಿನ್ನೂ ಐದು ತಿಂಗಳು. ನಾನು ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಯೇ. "ಮರಿ ನಿಮಗಲ್ಲ" ಅಂದರು, ನೇರವಾಗಿ. "ಎರಡೆರಡು ಗಂಟೆಗೆ ಹೊರಗೆ ಕರ್ಕೊಂಡು ಹೋಗಬೇಕು. ಹಲ್ಲು ಬದಲಾಗುವಾಗ ಸಿಕ್ಕಿದ್ದೆಲ್ಲ ಕಡಿಯುತ್ತೆ, ಕಾಲಿಗೂ ಸುತ್ತಿಕೊಳ್ಳುತ್ತೆ. ನಿಮ್ಮಪ್ಪ ಬಿದ್ದರೆ ಏನು ಮಾಡ್ತೀರಿ?"

ನನಗೆ ಸಿಟ್ಟು ಬಂದಿತ್ತು. ಈಗ ಈ ವಿಮರ್ಶೆ ಬರೆಯಲು ಕೂತಾಗ ಮೊದಲು ಹೊಗಳಬೇಕು ಅನ್ನಿಸುವುದು ಆ "ಇಲ್ಲ"ವನ್ನೇ.

ಅವರು ತೋರಿಸಿದ್ದು ಒಳಗಿನ ಕೊನೆಯ ಗೂಡು. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿದೆ, ಹಣೆಯ ಮೇಲೆ ಬಿಳಿ ಚುಕ್ಕೆ. ನಮಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ಕೂತಿತ್ತು. ಬಂದು ಏಳು ತಿಂಗಳಾಗಿದೆ, ಯಾರೂ ಕೇಳಿಲ್ಲ ಅಂದರು. ಯಾರು ಕೇಳುತ್ತಾರೆ, ಮುಖವನ್ನೇ ತೋರಿಸದ ನಾಯಿಯನ್ನು? ಅವತ್ತು ಸುಮ್ನೆ ಅರ್ಧ ಗಂಟೆ ನೆಲದ ಮೇಲೆ ಕೂತು ಎದ್ದು ಬಂದೆವು. ಅವತ್ತೇ ಕೊಡುವುದಿಲ್ಲ, ಇನ್ನೊಮ್ಮೆ ಬರಲೇಬೇಕು ಅನ್ನುವುದು ಅಲ್ಲಿಯ ನಿಯಮ. ನಾಲ್ಕು ದಿನ ಬಿಟ್ಟು ಹೋದಾಗ ಅದು ಎದ್ದು ಬಂದು ಅಪ್ಪನ ಕೋಲನ್ನು ಮೂಸಿತು. ಆಮೇಲೆ ಆ ಕೋಲಿಗೇ ಒರಗಿಕೊಂಡು ನಿಂತಿತು. ಮನೆಗೆ ಬರುವ ದಾರಿಯಲ್ಲಿ ಅಪ್ಪನ ಬಾಯಲ್ಲಿ "ಅದು" ಹೋಗಿ "ಅವಳು" ಆಯಿತು. ಹೆಸರು ಚುಕ್ಕಿ.

ಜೊತೆಗೆ ಕೊಟ್ಟಿದ್ದು ಲಸಿಕೆಯ ಪುಸ್ತಕ, ಸಂತಾನಹರಣ ಆಪರೇಷನ್ ಆಗಿರುವ ಚೀಟಿ, ಕಾಲರ್, ಕೈಯಲ್ಲಿ ಹಿಡಿಯುವ ಬೆಲ್ಟ್, ಒಂದು ವಾರಕ್ಕಾಗುವಷ್ಟು ಅವಳು ಅಲ್ಲಿ ತಿನ್ನುತ್ತಿದ್ದ ಆಹಾರ. ಹೊಸ ಆಹಾರವನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ 7ರಿಂದ 10 ದಿನದಲ್ಲಿ ಬದಲಾಯಿಸಿ, ಒಮ್ಮೆಗೇ ಬದಲಾಯಿಸಿದರೆ ಭೇದಿ ಆಗಬಹುದು ಅಂದರು. ಇದೆಲ್ಲಕ್ಕಿಂತ ನನಗೆ ಬೆಲೆಬಾಳುವುದು ಅನ್ನಿಸಿದ್ದು ಕೈಯಲ್ಲಿ ಬರೆದ ಒಂದು ಹಾಳೆ. ಈಗಲೂ ಫ್ರಿಜ್ ಮೇಲೆ ಅಂಟಿಸಿದ್ದೇನೆ. ಪೊರಕೆ ಕಂಡರೆ ಹೆದರುತ್ತಾಳೆ. ಹೆಲ್ಮೆಟ್ ಹಾಕಿದವರನ್ನು ಬೊಗಳುತ್ತಾಳೆ. ಊಟದ ತಟ್ಟೆಯ ಹತ್ತಿರ ಹೋದರೆ ಗುರ್ ಅನ್ನುತ್ತಾಳೆ. ಮೊದಲ ವಾರ ನೆಂಟರು ಬೇಡ, ಸ್ನಾನ ಬೇಡ. ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ ಅವಳಿಗೆ ಇರಿಸುಮುರಿಸು ಅಂತ ಅರ್ಥ, ದೂರ ಸರಿಯಿರಿ. ಮೊದಲ ರಾತ್ರಿ ಅವಳು ಆಕಳಿಸಿದಾಗಲೆಲ್ಲ ಪಾಪ ನಿದ್ದೆ ಬಂದಿದೆ ಅಂತ ಅಪ್ಪ ಲೈಟ್ ಆರಿಸುತ್ತಿದ್ದರು. ಕತ್ತಲಲ್ಲಿ ಅವಳು ಇನ್ನಷ್ಟು ಆಕಳಿಸುತ್ತಿದ್ದಳು. ಮರುದಿನ ಬೆಳಗ್ಗೆ ಹಾಳೆ ಸರಿಯಾಗಿ ಓದಿದೆವು.

ಹಾಳೆಯ ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದರು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಬೇಡ. ಮನುಷ್ಯರ ನೋವಿನ ಮಾತ್ರೆಯಂತೂ ಬೇಡವೇ ಬೇಡ. ಅಪ್ಪನ ಮಂಡಿನೋವಿನ ಮಾತ್ರೆಗಳು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ, ಸರಿಯಾಗಿ ನಾಯಿಯ ಮೂಗಿನ ಎತ್ತರದಲ್ಲಿ ಇರುತ್ತಿದ್ದವು. ಅವತ್ತೇ ಬೀರು ಸೇರಿದವು.

ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳಿದ್ದರು. ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ಇದು ನಂದೇ ಮನೆ ಅನ್ನಿಸುವುದು. ಇದು ಅಂದಾಜು ಅಷ್ಟೇ, ಕ್ಯಾಲೆಂಡರ್ ಹಿಡಿದು ಕೂರಬೇಡಿ ಅಂತಲೂ ಹೇಳಿದ್ದರು. ಚುಕ್ಕಿ ಮಂಚದ ಕೆಳಗಿಂದ ತಾನಾಗಿ ಹೊರಗೆ ಬಂದು ಮಲಗಿದ್ದು ಐದನೆಯ ದಿನ. ನನ್ನ ಧೈರ್ಯ ಜಾಸ್ತಿಯಾದದ್ದೂ ಅವತ್ತೇ.

ಈಗ ತಕರಾರಿಗೆ ಬರುತ್ತೇನೆ. ಮೊದಲ ತಪ್ಪು ನನ್ನದು, ಅದನ್ನೂ ಬರೆಯಬೇಕು. ಕಾಲರ್‌ಗೆ ಒಂದು, ಎದೆಗೆ ಕಟ್ಟುವ ಹಾರ್ನೆಸ್‌ಗೆ ಒಂದು, ಹೀಗೆ ಎರಡು ಬೆಲ್ಟ್ ಹಾಕಿಯೇ ಹೊರಗೆ ಕರೆದುಕೊಂಡು ಹೋಗಿ ಅಂತ ಅವರು ಮೂರು ಸಲ ಹೇಳಿದ್ದರು. ಆರನೆಯ ದಿನ ಸಂಜೆ ಬೇಗ ಹೋಗಿ ಬರೋಣ ಅಂತ ಬರೀ ಕಾಲರ್‌ನಲ್ಲಿ ಹೊರಟೆ. ಯಾರೋ ಅಂಗಡಿಯ ಶಟರ್ ಧಡಾರ್ ಅಂತ ಎಳೆದರು. ಚುಕ್ಕಿ ಹಿಂದಕ್ಕೆ ಸರಿದು ತಲೆ ಕೆಳಗೆ ಮಾಡಿದಳು, ಅಷ್ಟೇ. ನಮ್ಮ ಫೋನ್ ನಂಬರ್ ಇದ್ದ ಬಿಲ್ಲೆ ಕಾಲರ್‌ನಲ್ಲಿತ್ತು. ಕಾಲರ್ ನನ್ನ ಕೈಯಲ್ಲಿತ್ತು.

ರಾತ್ರಿ ಎರಡರವರೆಗೆ ಹುಡುಕಿದೆವು. ಅಪ್ಪ ಕೋಲು ಹಿಡಿದು ಗೇಟಿನ ಹತ್ತಿರವೇ ನಿಂತಿದ್ದರು, ತಾನಾಗಿ ವಾಪಸ್ ಬಂದರೆ ಬಾಗಿಲು ಹಾಕಿರಬಾರದು ಅಂತ. ಅವಳು ಆಗಲೇ ಒಂದು ಪ್ರಾಣಿ ಆಸ್ಪತ್ರೆಯ ಗೂಡಿನಲ್ಲಿದ್ದಳು! ಹತ್ತು ಗಂಟೆಗೇ ಯಾರೋ ಪುಣ್ಯಾತ್ಮರು ಕರೆದುಕೊಂಡು ಹೋಗಿ ಬಿಟ್ಟಿದ್ದರು. ಅಲ್ಲಿಯವರು ಸ್ಕ್ಯಾನರ್ ಹಿಡಿದು ಮೈಕ್ರೋಚಿಪ್ ಓದಿದ್ದರು. ಈ ಚಿಪ್ ಎಂದರೆ ಚರ್ಮದ ಕೆಳಗೆ ಕೂರಿಸುವ, ಅಕ್ಕಿಕಾಳಿನಷ್ಟು ದೊಡ್ಡದಾದ ಒಂದು ವಸ್ತು. ಅದರಲ್ಲಿ ಬ್ಯಾಟರಿ ಇಲ್ಲ. ನಾಯಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ, ಸ್ಕ್ಯಾನರ್ ಹಿಡಿದಾಗ 15 ಅಂಕಿಯ ಒಂದು ಸಂಖ್ಯೆ ಹೇಳುತ್ತದೆ, ಅಷ್ಟೇ. ಆ ಸಂಖ್ಯೆಯ ಎದುರು ಯಾರ ಹೆಸರಿದೆಯೋ ಅವರಿಗೆ ಫೋನ್ ಹೋಗುತ್ತದೆ. ಚುಕ್ಕಿಯ ಸಂಖ್ಯೆಯ ಎದುರು ಇನ್ನೂ ಶೆಲ್ಟರ್‌ನ ಹೆಸರೇ ಇತ್ತು. "ಹೆಸರು ಬದಲಾವಣೆ ನಾವೇ ಮಾಡ್ತೀವಿ" ಅಂದವರು ಮಾಡಿರಲಿಲ್ಲ. ಶೆಲ್ಟರ್ ಮುಚ್ಚುವುದು ಆರಕ್ಕೆ. ಬೆಳಗ್ಗೆ ಎಂಟರವರೆಗೆ ಯಾರೂ ಫೋನ್ ಎತ್ತಲಿಲ್ಲ.

ಬೆಳಗ್ಗೆ ಮೇಡಮ್‌ಗೆ ಕೂಗಾಡಿದೆ. ಅವರು ವಾದ ಮಾಡಲಿಲ್ಲ. ತಪ್ಪಾಯಿತು ಅಂದರು, ನಾನು ಫೋನ್ ಇಡುವುದರೊಳಗೆ ಹೆಸರು ಬದಲಾಯಿಸಿ ತೋರಿಸಿದರು. ಆಮೇಲೆ ಮೆತ್ತಗೆ "ಎರಡು ಬೆಲ್ಟ್ ಹಾಕಿದ್ರಾ?" ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಇಬ್ಬರ ತಪ್ಪು ಸೇರಿ ಒಂದು ರಾತ್ರಿ ಹಾಳಾಯಿತು. ಆದರೂ ಸ್ಟಾರ್ ಕತ್ತರಿಸುವುದು ಅವರದ್ದೇ. ನೀವು ಎಲ್ಲಿಂದ ನಾಯಿ ತಂದರೂ ಆ ಸಂಖ್ಯೆ ನಿಮ್ಮ ಹೆಸರಿಗೆ ಬಂದಿದೆಯಾ ಅಂತ ಮೊದಲ ದಿನವೇ ನೀವೇ ನೋಡಿ.

ಇನ್ನೊಂದು ಸಣ್ಣ ತಕರಾರು ವಯಸ್ಸಿನದು. ಪುಸ್ತಕದಲ್ಲಿ ಮೂರು ವರ್ಷ ಅಂತಿತ್ತು. ನಮ್ಮ ಡಾಕ್ಟರ್ ಬಾಯಿ ತೆರೆಸಿ ನೋಡಿ, ಕಡಿಮೆಯೆಂದರೂ ಆರು ಅಂದರು. ನಾಯಿಗೆ ಏಳು ತಿಂಗಳ ಹೊತ್ತಿಗೆ 42 ಹಲ್ಲೂ ಬಂದುಬಿಡುತ್ತವೆ, ಆಮೇಲೆ ಹಲ್ಲಿನ ಸವೆತ, ಪಾಚಿ ನೋಡಿ ಊಹಿಸುವುದೇ ಅಂತೆ. ಅದಕ್ಕೇ ಇದನ್ನು ಮೋಸ ಅನ್ನಲಾರೆ. "ಅಂದಾಜು" ಅನ್ನುವ ಒಂದು ಪದ ಸೇರಿಸಿದ್ದರೆ ಸಾಕಿತ್ತು. ಅಪ್ಪನಿಗೆ ಮಾತ್ರ ಖುಷಿಯೋ ಖುಷಿ. "ನನ್ನ ಜೋಡಿನೇ ಬಿಡು" ಅಂದರು.

ನಾಯಿ ಕೊಟ್ಟ ಮೇಲೆ ಮರೆತುಬಿಡುವವರಲ್ಲ ಇವರು. ಮೂರನೆಯ ವಾರ ತಾವಾಗಿಯೇ ಫೋನ್ ಮಾಡಿದರು. ತಟ್ಟೆಯ ಹತ್ತಿರ ಹೋದರೆ ಇನ್ನೂ ಗುರ್ ಅನ್ನುತ್ತಾಳೆ ಅಂದೆ. ಬೈಯಬೇಡಿ, ತಟ್ಟೆ ಕಿತ್ತುಕೊಳ್ಳಬೇಡಿ. ಗುರ್ ಅನ್ನುವುದನ್ನು ನಿಲ್ಲಿಸಿದರೆ ಹೇಳದೆ ಕಚ್ಚುವುದನ್ನು ಕಲಿಯುತ್ತಾಳೆ ಅಂದರು. ಅವಳು ಸಲೀಸಾಗಿ ತಿನ್ನುವಷ್ಟು ದೂರದಲ್ಲಿ ಹಾದುಹೋಗಿ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ಚೂರು ಎಸೆದು ನಿಲ್ಲದೆ ಮುಂದೆ ಹೋಗಿ. ಈ ಕೆಲಸ ಅಪ್ಪ ವಹಿಸಿಕೊಂಡರು. ಕುರ್ಚಿಯಲ್ಲಿ ಕೂತೇ, ಗುರಿ ಇಟ್ಟು. ಅವರ ಗುರಿ ಏನೂ ಚೆನ್ನಾಗಿಲ್ಲ, ಅರ್ಧ ಚೂರು ಸೋಫಾ ಕೆಳಗೆ ಹೋಗುತ್ತಿತ್ತು. ಆದರೂ ತಿಂಗಳೊಳಗೆ ನಾವು ಹತ್ತಿರ ಹೋದರೆ ಚುಕ್ಕಿ ತಟ್ಟೆ ಬಿಟ್ಟು ತಲೆ ಎತ್ತಿ ಬಾಲ ಅಲ್ಲಾಡಿಸತೊಡಗಿದಳು. ಪೊರಕೆಯ ಹೆದರಿಕೆ ಮಾತ್ರ ಪೂರ್ತಿ ಹೋಗಿಲ್ಲ. ಅವಳು ಹಿತ್ತಲಲ್ಲಿ ಇದ್ದಾಗ ಗುಡಿಸುತ್ತೇನೆ.

ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಒಂದು ಷರತ್ತಿದೆ. ಸಾಕಲು ಆಗದಿದ್ದರೆ ಬೇರೆ ಯಾರಿಗೂ ಕೊಡುವಂತಿಲ್ಲ, ವಾಪಸ್ ಅವರಿಗೇ ಕೊಡಬೇಕು. ಅಪ್ಪನಿಗೆ ಅದು ಅವಮಾನ ಅನ್ನಿಸಿತು. ನನಗೆ ಹಿಡಿಸಿತು.

ಹೋಗುವವರು ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಇನ್ನೊಂದು ಸಲ ಬನ್ನಿ ಅಂತ ವಾಪಸ್ ಕಳಿಸುತ್ತಾರೆ. ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ.

ಹೋದ ವಾರ ಹಳೆಯ ಬೆಡ್‌ಶೀಟ್‌ಗಳನ್ನು ಕೊಡಲು ಹೋಗಿದ್ದೆವು. ಗೋಡೆಯ ಮೇಲೆ ನಾವು ಕೇಳಿದ್ದ ಆ ಬಿಳಿ ಮೂತಿಯ ಮರಿಯ ಫೋಟೊ ಇತ್ತು. ಈಗ ಚುಕ್ಕಿಗಿಂತ ದೊಡ್ಡದಾಗಿದೆ. ಯಾರದ್ದೋ ಮನೆಯಲ್ಲಿ, ಹತ್ತಿ ಹೊರಗೆ ಬಂದ ಸೋಫಾದ ಮೇಲೆ ಹಲ್ಲು ಕಿರಿದುಕೊಂಡು ಕೂತಿದೆ. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೇಡಮ್ ಕಡೆ ತಿರುಗಿ "ನಮ್ಮ ಸೋಫಾ ಚೆನ್ನಾಗಿದೆ" ಅಂದರು.