ಸ್ಪೀಕರಿನ ಗುಂಯ್ ಸದ್ದಿಗೆ ಕೇಬಲ್ಲೋ, ಐಸೊಲೇಟರೋ, ಸಾಫ್ಟ್‌ವೇರೋ?

ಕಲಬುರಗಿಯ ನಮ್ಮ ಮನೆಯ ಕೋಣೆಯಲ್ಲಿ ತತ್ವಪದ, ಭಜನೆ ರೆಕಾರ್ಡ್ ಮಾಡುತ್ತೇನೆ. ಹಾಡು ನಿಂತರೂ ಸ್ಪೀಕರಿನ ಗುಂಯ್ ನಿಲ್ಲುತ್ತಿರಲಿಲ್ಲ. ಅದಕ್ಕೆ ಜನ ಹೇಳಿದ ಉಪಾಯಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದೆ. ಮೊದಲೇ ಹೇಳಿಬಿಡ್ತೀನಿ, ದುಡ್ಡು ಬೇಡದ ಉಪಾಯಕ್ಕೇ ಮೊದಲ ಸ್ಥಾನ.

ಅದು ಇಷ್ಟೇ: ಲ್ಯಾಪ್‌ಟಾಪ್, ಇಂಟರ್‌ಫೇಸ್ (ಮೈಕನ್ನೂ ಸ್ಪೀಕರನ್ನೂ ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ), ಸ್ಪೀಕರ್ ಮೂರನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಹಾಕುವುದು. ಬೇರೆ ಬೇರೆ ಗೋಡೆಯ ಸಾಕೆಟ್ಟಿನಲ್ಲಿದ್ದರೆ ಅವುಗಳ ಅರ್ಥಿಂಗ್ ನಡುವೆ ಸಣ್ಣ ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸದಿಂದ ಹುಟ್ಟುವ ಕರೆಂಟು ಆಡಿಯೋ ಕೇಬಲ್ಲಿನ ಹೊರಜಾಲರಿಯಲ್ಲಿ ಹರಿದು, ನಮ್ಮ ಲೈನಿನ 50 ಹರ್ಟ್ಸ್ ಸ್ಪೀಕರಿನಲ್ಲಿ ಕೇಳಿಸುತ್ತದೆ. ಒಂದೇ ಬೋರ್ಡಿಗೆ ಬಂದ ಮೇಲೆ ನನ್ನ ಗುಂಯ್ ಬಹಳಷ್ಟು ಇಳಿಯಿತು. 'ಅರ್ಥ್ ಪಿನ್ ಕಿತ್ತು ಹಾಕು, ಸದ್ದು ಹೋಗುತ್ತೆ' ಅನ್ನುವವರೂ ಸಿಗುತ್ತಾರೆ. ಸದ್ದು ಹೋಗಬಹುದು, ಆದರೆ ಒಳಗೆ ಶಾರ್ಟ್ ಆದ ದಿನ ಸ್ಪೀಕರಿನ ಕಬ್ಬಿಣದ ಮೈಯಲ್ಲಿ 230 ವೋಲ್ಟ್ ಕೂತಿರುತ್ತದೆ. ಆ ಮಾತು ಕೇಳಲೇಬೇಡಿ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ ಅಲ್ವಾ, ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿಸುವುದೂ ಒಳ್ಳೆಯದು.

ಉಳಿದ ಗುಂಯ್‌ಗೆ ಪೈಪೋಟಿ ಇದ್ದದ್ದು ಬ್ಯಾಲೆನ್ಸ್ಡ್ ಕೇಬಲ್ಲಿಗೂ ಟ್ರಾನ್ಸ್‌ಫಾರ್ಮರ್ ಐಸೊಲೇಟರಿಗೂ (ಎರಡು ಉಪಕರಣಗಳ ನಡುವೆ ನೇರ ತಂತಿ ಸಂಪರ್ಕ ತಪ್ಪಿಸಿ ಸದ್ದನ್ನು ಮಾತ್ರ ದಾಟಿಸುವ ಡಬ್ಬಿ). ಬ್ಯಾಲೆನ್ಸ್ಡ್ ಕೇಬಲ್ಲಿನಲ್ಲಿ ಸದ್ದು ಎರಡು ತಂತಿಗಳಲ್ಲಿ, ಒಂದು ನೇರ ಒಂದು ಉಲ್ಟಾ ಹೋಗುತ್ತದೆ. ದಾರಿಯಲ್ಲಿ ಎರಡಕ್ಕೂ ಸಮನಾಗಿ ಹತ್ತಿದ ಗದ್ದಲ ಕೊನೆಯಲ್ಲಿ ಕಳೆದುಹೋಗುತ್ತದೆ. ಇಂಟರ್‌ಫೇಸಿನ ಔಟ್, ಸ್ಪೀಕರಿನ ಇನ್ ಎರಡೂ ಬ್ಯಾಲೆನ್ಸ್ಡ್ ಇದ್ದರೆ ಕಣ್ಣು ಮುಚ್ಚಿ ಇದನ್ನೇ ಕೊಳ್ಳಿ. ಐಸೊಲೇಟರೂ ಗುಂಯ್ ಅನ್ನು ಪೂರ್ತಿ ನಿಲ್ಲಿಸಿತು. ಆದರೆ ಅಗ್ಗದ ಡಬ್ಬಿಯೊಳಗಿನ ಟ್ರಾನ್ಸ್‌ಫಾರ್ಮರ್ ಸಣ್ಣದು, ಕೆಳಸ್ವರ ಅದರಲ್ಲಿ ಸೊರಗುತ್ತದೆ. ತಬಲಾದ ಡಗ್ಗಾ ಡಬ್ಬ ಬಡಿದ ಹಾಗೆ ಕೇಳಿಸಿತು. ಸ್ಪೀಕರಿಗೆ ಆರ್‌ಸಿಎ ಇನ್ (ಟಿವಿ, ಡಿವಿಡಿಯಲ್ಲಿರುವಂಥ, ಬ್ಯಾಲೆನ್ಸ್ಡ್ ಅಲ್ಲದ ಪಿನ್ನು) ಮಾತ್ರ ಇದ್ದರೆ ಆಗ ಐಸೊಲೇಟರ್, ಅದೂ ಸ್ವಲ್ಪ ಒಳ್ಳೆಯದು.

ಗುಂಯ್ ಅಲ್ಲದೆ ಚಿರ್‌ಚಿರ್ ಅನ್ನುವ, ಮೌಸ್ ಆಡಿಸಿದಾಗ ಬದಲಾಗುವ ಸದ್ದು ಬೇರೆ. ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ ನೋಡಿ. ಸದ್ದು ನಿಂತರೆ ಅದು ಚಾರ್ಜರ್ ಮತ್ತು ಯುಎಸ್‌ಬಿ ದಾರಿಯಲ್ಲಿ ಬರುವುದು. ರೆಕಾರ್ಡಿಂಗ್ ಹೊತ್ತಿಗೆ ಬ್ಯಾಟರಿಯೇ ಸಾಕು. ಯುಎಸ್‌ಬಿ ದಾರಿಗೂ ಇಂಥದೇ ಐಸೊಲೇಟರ್ ಸಿಗುತ್ತದೆ, ಕೊಳ್ಳುವ ಮುನ್ನ ಒಂದು ಮಾತು: ಅಗ್ಗದವು ಹೆಚ್ಚಾಗಿ ಸೆಕೆಂಡಿಗೆ 12 ಮೆಗಾಬಿಟ್‌ಗೆ ನಿಲ್ಲುತ್ತವೆ. 480 ಮೆಗಾಬಿಟ್ ವೇಗ ಬೇಡುವ ಇಂಟರ್‌ಫೇಸುಗಳು ಅದರಲ್ಲಿ ನಡೆಯುವುದಿಲ್ಲ.

ಕೇಬಲ್ಲಿಗೆ ಸಿಕ್ಕಿಸುವ ಫೆರೈಟ್ ಮಣಿ ಮೊಬೈಲಿನಂಥ ರೇಡಿಯೋ ಗದ್ದಲಕ್ಕೆ ಆದೀತು, 50 ಹರ್ಟ್ಸ್‌ಗೆ ಸುಮ್ನೆ ದಂಡ.

ಸಾಫ್ಟ್‌ವೇರ್ ನನ್ನ ಪಟ್ಟಿಯಲ್ಲಿ ಕೊನೆಗೆ. 50, 100, 150 ಹರ್ಟ್ಸ್ ಕತ್ತರಿಸಿದರೆ ಗುಂಯ್ ಹೋಗುತ್ತದೆ ನಿಜ. ಗಂಡಸಿನ ದನಿಯ ತಳವೂ ಅಲ್ಲೇ ಇದೆ, ಅದೂ ಜೊತೆಗೇ ಹೋಗುತ್ತದೆ. ಹಳೆಯ ರೆಕಾರ್ಡಿಂಗ್ ಉಳಿಸಲು ಮಾತ್ರ ಬಳಸುತ್ತೇನೆ.

ಇನ್ನು ಫ್ಯಾನು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಫ್ಯಾನ್ ನಿಲ್ಲಿಸಿ ಹಾಡು ಅಂದರೆ ಯಾರು ಹಾಡುತ್ತಾರೆ? ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರು ನಡುವಿನ ವೇಗದಲ್ಲಿ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ಪಿಗೆ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿಗೆ) ಜಾಸ್ತಿ ಗದ್ದಲ ತುಂಬುತ್ತದೆ. ಹಂತಹಂತದ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿದ ಮೇಲೆ ಆ ಕಾಟ ತಪ್ಪಿತು. ಫ್ಯಾನಿನ ಗಾಳಿ ಮೈಕಿಗೆ ತಾಗುವುದು ಬೇರೆ ವಿಷಯ, ಅದಕ್ಕೆ ಮೈಕನ್ನು ಮೂಲೆಗೆ ಸರಿಸಿದ್ದೇನೆ.