"ಅಂಜಲ್ ಬೇಡ" ಅಂತ ಬೋರ್ಡ್ ಹಾಕಿದ ಮಲ್ಪೆ ಹತ್ರದ ಮೀನೂಟದ ಹೋಟೆಲ್

ಜುಲೈ ತಿಂಗಳಲ್ಲಿ ಬಂದು ಫ್ರೆಶ್ ಅಂಜಲ್ ಮೀನಿನ ತವಾ ಫ್ರೈಯೇ ಬೇಕು ಅನ್ನುವವರಿಗೆ ಈ ಹೋಟೆಲ್ ಅಲ್ಲ ಮಾರಾಯ್ರೆ. ಮೇನ್ ರೋಡಿಂದ ಸ್ವಲ್ಪ ಒಳಗೆ, ಆರೇ ಟೇಬಲ್, ಎಸಿ ಇಲ್ಲ. ಹೆಸರು ಹಾಕೂದಿಲ್ಲ, ಈಗ್ಲೇ ಒಂದು ಗಂಟೆ ಮೇಲೆ ಹೋದ್ರೆ ಹೊರಗೆ ಕೊಡೆ ಹಿಡ್ಕೊಂಡು ನಿಲ್ಬೇಕು.

ಕ್ಯಾಶ್ ಕೌಂಟರ್ ಪಕ್ಕ ಒಂದು ಕರಿ ಬೋರ್ಡ್ ಉಂಟು, ಚಾಕ್‌ಪೀಸಲ್ಲಿ ಮೀನಿನ ಹೆಸರು ಮತ್ತೆ ಅದು ಎಲ್ಲಿಂದ ಬಂದದ್ದು ಅಂತ ಬರೀತಾರೆ. ನಾನು ಹೋದಾಗ "ಬೂತಾಯಿ: ನಾಡದೋಣಿ. ಬಂಗುಡೆ: ತಮಿಳ್ನಾಡು ಲಾರಿ. ಅಂಜಲ್: ಐಸಿಂದು, ಬೇಡ" ಅಂತ ಇತ್ತು. ತಮ್ಮ ಮೀನನ್ನು ತಾವೇ ಬೇಡ ಅನ್ನುವ ಹೋಟೆಲ್ ನಾನಂತೂ ಬೇರೆ ನೋಡ್ಲಿಲ್ಲ.

ವಿಷಯ ಎಂತ ಅಂದ್ರೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಪಶ್ಚಿಮ ಕರಾವಳಿಯಲ್ಲಿ ಮೀನು ಹಿಡಿಯೂದಕ್ಕೆ ಬ್ಯಾನ್, ಬಲೆ ಎಳೆಯುವ ಟ್ರಾಲ್ ಬೋಟು, ಸುತ್ತುಬಲೆ ಹಾಕುವ ಪರ್ಸೀನು ಬೋಟು ಎಲ್ಲ ಬಂದರಲ್ಲೇ, ನಮ್ಮಲ್ಲಿ 10 ಎಚ್‌ಪಿ ಒಳಗಿನ ಇಂಜಿನಿನ ನಾಡದೋಣಿ ಮಾತ್ರ ಹೋಗ್ಬಹುದು. ಪೂರ್ವ ಕರಾವಳಿಯ ರಜೆ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗೀತದೆ, ಹಾಗಾಗಿ ಆ ಕಡೆಯಿಂದ ಇಲ್ಲಿಗೆ ಲೋಡ್ ಬರ್ತದೆ. ಹೈವೇ ಬದಿಯ ಒಂದು ದೊಡ್ಡ ಹೋಟೆಲಲ್ಲಿ "ಈಗಷ್ಟೆ ಬೋಟಿಂದ ಇಳ್ದದ್ದು ಸರ್" ಅಂದ್ರು, ಯಾವ ಬೋಟು ಅಂತ ಕೇಳಿದ್ರೆ ನೀರು ತರ್ತೇನೆ ಅಂತ ಹೋದ ಜನ ಬರ್ಲೇ ಇಲ್ಲ.

ಊಟಕ್ಕೆ ಬರುವ. ಕುಚ್ಚಲಕ್ಕಿ ಅನ್ನ, ಸಾರು, ಒಣ ಸಿಗಡಿ ಚಟ್ನಿ. ಚಟ್ನಿಯೇ ಸಾಕು ನಿಜ ಹೇಳ್ಬೇಕಂದ್ರೆ, ಕಾಯಿ ಕಮ್ಮಿ ಹುಳಿ ಜಾಸ್ತಿ, ಸಿಗಡಿ ಕರುಂಕುರುಂ ಅಂತದೆ. ಬೂತಾಯಿ ಪುಳಿಮುಂಚಿ ಗಟ್ಟಿ ಮಸಾಲೆ, ಎಣ್ಣೆ ತೇಲೂದಿಲ್ಲ. ನನ್ನ ಪ್ಲೇಟಲ್ಲಿ ಎರಡು ಬೂತಾಯಿಯ ಹೊಟ್ಟೆ ತುಂಬ ಮೊಟ್ಟೆ, ಈ ಎರಡು ತಿಂಗಳು ಬ್ಯಾನ್ ಯಾಕೆ ಅಂತ ಅಲ್ಲೇ ಗೊತ್ತಾಗ್ತದೆ, ಆದ್ರೂ ತಿಂದೆ, ರುಚಿ ಇತ್ತು. ಬಂಗುಡೆ ಫ್ರೈ ಮಾತ್ರ ಜಾಸ್ತಿ ಕರಿದು ಒಣಗಿ ಹೋಗಿತ್ತು.

ಬೆರಳುದ್ದದ ಬಂಗುಡೆ ತಕೊಳ್ಳೂದೇ ಇಲ್ಲ ಅಂದ್ರು ಓನರ್. ಕೇರಳದಲ್ಲಿ ಬಂಗುಡೆ 14 ಸೆಂ.ಮೀ., ಬೂತಾಯಿ 10 ಸೆಂ.ಮೀ.ಗಿಂತ ಸಣ್ಣದು ಹಿಡಿಯುವ ಹಾಗಿಲ್ಲ ಅಂತ ರೂಲ್ಸೇ ಉಂಟು. ಸಮುದ್ರದಲ್ಲಿ 12 ನಾಟಿಕಲ್ ಮೈಲಿ ತನಕ ರಾಜ್ಯದ್ದು, ಅಲ್ಲಿಂದ 200ರ ತನಕ ಕೇಂದ್ರದ್ದು, 2017ರಲ್ಲಿ ಕೇಂದ್ರ ರಾಷ್ಟ್ರೀಯ ಸಾಗರ ಮೀನುಗಾರಿಕೆ ನೀತಿ ತಂತು, ಅದೇ ವರ್ಷ ತನ್ನ ಪಾಲಿನ ಸಮುದ್ರದಲ್ಲಿ ಲೈಟ್ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗು ಬ್ಯಾನ್ ಮಾಡಿತು, ಎಲ್ಲ ಸರಿ, ಬೋಟು ಬಲೆ ಎಲ್ಲದಕ್ಕೂ ಲೆಕ್ಕ ಕೇಳ್ತಾರೆ ಆದ್ರೆ ಹೋಟೆಲಿನ ಮೆನು ಕಾರ್ಡನ್ನು ಮಾತ್ರ ಯಾರೂ ಕೇಳೂದಿಲ್ಲ. ಈ ಕರಿ ಬೋರ್ಡ್ ಎಲ್ಲ ಹೋಟೆಲಿಗೂ ಕಡ್ಡಾಯ ಮಾಡ್ಲಿ ಅಂತೇನೆ ನಾನು.

ಒಂದು ತಕರಾರು, ಪಾರ್ಸೆಲಿಗೆ ಬಿಸಿ ಬಿಸಿ ಗಸಿಯನ್ನು ಪ್ಲಾಸ್ಟಿಕ್ ತೊಟ್ಟೆಗೆ ಹೊಯ್ದು ಕೊಡ್ತಾರೆ, ಸಮುದ್ರದ ಪಕ್ಕದಲ್ಲೇ ಇದ್ಕೊಂಡು. ಸ್ಟೀಲ್ ಡಬ್ಬ ತಕೊಂಡು ಹೋಗಿ, ಕೊಟ್ರೆ ಅದ್ರಲ್ಲೇ ಹಾಕಿ ಕೊಡ್ತಾರೆ. 5ಕ್ಕೆ 4. ಮೂರು ಗಂಟೆ ಮೇಲೆ ಹೋಗ್ಬೇಡಿ, ಸಾರು ಬಿಟ್ರೆ ಎಂತದೂ ಇರೂದಿಲ್ಲ.