ಡಿಸ್ಕ್ ಹೋಗಿರಲಿಲ್ಲ, ಪಿನ್ ಹಿಡಿದಿತ್ತು: ಧಾಯರಿಯ ಒಂದು ಸಣ್ಣ ಗ್ಯಾರೇಜು

ಧಾರವಾಡದಿಂದ ಪುಣೆಗೆ ವಾಪಸ್ ಬರುವಾಗ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯುತ್ತಿದ್ದೆ. ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಎಡ ಚಕ್ರದಿಂದ ಕಿರ್ರ್ ಅಂತ ಸದ್ದು, ಕಾರೂ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಆ ಇಳಿಜಾರಿನಲ್ಲಿ ಎಷ್ಟು ಅಪಘಾತ ಆಗಿವೆ ಅಂತ ಪುಣೆಯವರಿಗೆ ಹೇಳಬೇಕಿಲ್ಲ. ಹಿಂದಿನ ಸೀಟಲ್ಲಿ ಮಕ್ಕಳು ಮಲಗಿದ್ದರು. ಮೂರನೇ ಗೇರಿಗೆ ಇಳಿಸಿ ನಿಧಾನಕ್ಕೆ ಬಂದೆ, ಅಂಗೈ ಒದ್ದೆಯಾಗಿತ್ತು.

ಮರುದಿನ ಮನೆ ಹತ್ತಿರದ ಗ್ಯಾರೇಜಿನವರು ಚಕ್ರ ಬಿಚ್ಚದೆಯೇ ಡಿಸ್ಕ್ (ಚಕ್ರದ ಜೊತೆ ತಿರುಗುವ ಬಿಲ್ಲೆ), ಪ್ಯಾಡ್ (ಅದನ್ನು ಎರಡೂ ಕಡೆಯಿಂದ ಒತ್ತಿ ನಿಲ್ಲಿಸುವ ಪಟ್ಟಿ), ಕ್ಯಾಲಿಪರ್ (ಪ್ಯಾಡ್‌ಗಳನ್ನು ಒತ್ತುವ ಭಾಗ) ಎಲ್ಲ ಬದಲಿಸಬೇಕು, 16,000 ಆಗುತ್ತದೆ ಅಂದರು. ನೋಡದೆ ಹೇಗೆ ಹೇಳುತ್ತಾರೆ ಅಂತ ಸಿಟ್ಟು ಬಂತು.

ಆಮೇಲೆ ಬಾಗಲಕೋಟೆಯ ಗೆಳೆಯ ಹೇಳಿದ, ಪುಣೆಯ ಧಾಯರಿಯಲ್ಲಿರುವ ಈ ಗ್ಯಾರೇಜಿಗೆ ಹೋದೆ. ಬೋರ್ಡ್ ಕೂಡ ಇಲ್ಲ. ಮಿಸ್ತ್ರಿ ವಿಜಯಪುರ ಕಡೆಯವರು, ಮರಾಠಿಯಲ್ಲಿ ಶುರುವಾದ ಮಾತು ಎರಡು ನಿಮಿಷದಲ್ಲಿ ಕನ್ನಡಕ್ಕೆ ಬಂತು. "ಮೊದಲ ಬಿಚ್ಚಿ ನೋಡೂಣ್ರಿ, ರೊಕ್ಕದ ಮಾತು ಆಮ್ಯಾಲ" ಅಂದರು. ನನಗೆ ಅಷ್ಟೇ ಸಾಕಾಗಿತ್ತು.

ಒಳಗಿನ ಪ್ಯಾಡ್ 1 ಮಿ.ಮೀ. ಉಳಿದಿತ್ತು, ಹೊರಗಿನದು 5. ಹೊಸದರಲ್ಲಿ ಸುಮಾರು 10 ಇರುತ್ತದೆ, 3ಕ್ಕೆ ಬಂದರೆ ಬದಲಿಸಲೇಬೇಕು. ಹೀಗೆ ಒಂದೇ ಪ್ಯಾಡ್ ಜಾಸ್ತಿ ಸವೆದರೆ ಕ್ಯಾಲಿಪರ್ ಜಾರುವ ಪಿನ್ ಮೇಲೆ ಅನುಮಾನ ಪಡಬೇಕಂತೆ. ತೆಗೆದು ತೋರಿಸಿದರು: ಪಿನ್ನಿನ ರಬ್ಬರ್ ಬೂಟ್ (ಮುಸುಕು) ಹರಿದು, ಮಳೆನೀರು ಹೋಗಿ, ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಸದ್ದು ಬಂದಿದ್ದು ಪ್ಯಾಡಿನ ಸಣ್ಣ ತಗಡಿನಿಂದ, ಸವೆದಾಗ ಡಿಸ್ಕಿಗೆ ತಾಗಿ ಕಿರುಚಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಡಿಸ್ಕ್ ಮೇಲೆ ಕೊರೆದ ಕನಿಷ್ಠ ದಪ್ಪವನ್ನು ನನ್ನಿಂದಲೇ ಓದಿಸಿ, ಮೈಕ್ರೋಮೀಟರಿನಲ್ಲಿ ನಾಲ್ಕು ಕಡೆ ಅಳೆದರು. ಆ ಕನಿಷ್ಠಕ್ಕಿಂತ ಇನ್ನೂ 1.5 ಮಿ.ಮೀ. ಹೆಚ್ಚೇ ಇತ್ತು. ಅಂದರೆ ಆ ಡಿಸ್ಕ್‌ಗಳ ದುಡ್ಡು ಸುಮ್ನೆ ಹೋಗುತ್ತಿತ್ತು, ಅಲ್ವಾ? ಪಿನ್ ಹಾಗೇ ಬಿಟ್ಟಿದ್ದರೆ ಹೊಸ ಪ್ಯಾಡೂ ಹೀಗೇ ಸವೆಯುತ್ತಿತ್ತು.

ಎರಡೂ ಮುಂದಿನ ಚಕ್ರಕ್ಕೆ ಹೊಸ ಪ್ಯಾಡ್, ಪಿನ್ನಿಗೆ ಸಿಲಿಕೋನ್ ಗ್ರೀಸ್, ಹೊಸ ಬೂಟ್. ಬ್ರೇಕ್ ಆಯಿಲ್ ಮೂರು ವರ್ಷ ಹಳೆಯದು, ಅದೂ ಬದಲಾಯಿತು. ಅದು ಗಾಳಿಯ ತೇವ ಹೀರುತ್ತದೆ, ಘಾಟಿಯಲ್ಲಿ ಕಾದಾಗ ಆವಿ ಹುಟ್ಟಿ ಪೆಡಲ್ ಕುಸಿಯಬಹುದು. ಒಟ್ಟು ₹4,200. ಹಳೇ ಪ್ಯಾಡ್ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಮೊದಲ 200 ಕಿ.ಮೀ. ಜೋರಾಗಿ ಬ್ರೇಕ್ ಹೊಡೆಯಬೇಡಿ ಅಂದರು.

ಒಂದು ವಿಷಯ ಹಿಡಿಸಲಿಲ್ಲ. ಹುಡುಗ ಬ್ರೇಕ್ ಧೂಳನ್ನು ಗಾಳಿ ಪೈಪಿನಿಂದ ಊದುತ್ತಿದ್ದ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕ್ಲೀನರ್ ಸ್ಪ್ರೇ ಹೊಡೆದು ಒರೆಸಬೇಕು. ಹೇಳಿದೆ, ಮಿಸ್ತ್ರಿ ಒಪ್ಪಿಕೊಂಡರು. ಎರಡು ಗಂಟೆ ಅಂದಿದ್ದು ನಾಲ್ಕಾಯಿತು, ಕೂರಲು ಜಾಗವಿಲ್ಲ. ಸೋಮವಾರ ರಜೆ, ಬೆಳಿಗ್ಗೆ 10ರೊಳಗೆ ಹೋದರೆ ಅವರೇ ಕೈಯಾರೆ ಬಿಚ್ಚುತ್ತಾರೆ.